ಕಾರಿನ ಏರ್ ಸಸ್ಪೆನ್ಷನ್‌ಗೆ ಹಾರ್ಡ್‌ಲೈನ್ ಹಾಕಲು ಯಾವ ಫಿಟ್ಟಿಂಗ್, ಯಾವ ಟ್ಯೂಬ್ ತಗೊಳ್ಳಬೇಕು?

ಸುರತ್ಕಲ್‌ನವರು ಅಂತ ಬರೆದಿದ್ದೀರಿ. ಡಿಕ್ಕಿಯಲ್ಲಿ ಟ್ಯಾಂಕ್, ವಾಲ್ವ್ ಎಲ್ಲ ಕೂತಿದೆ, ಈಗ ನೈಲಾನ್ ಪೈಪ್ ತೆಗೆದು ಲೋಹದ ಟ್ಯೂಬ್, ಅಂದರೆ ಹಾರ್ಡ್‌ಲೈನ್, ಹಾಕಬೇಕು, ಅಲ್ಯೂಮಿನಿಯಂ ತಗೊಳ್ಳಲಾ ಸ್ಟೇನ್‌ಲೆಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಟ್ಯೂಬ್ ಆಮೇಲೆ ನೋಡುವ ಮಾರಾಯ್ರೆ, ಮೊದಲು ಥ್ರೆಡ್ ನೋಡಿ.

ಅಮೆರಿಕದಿಂದ ಬರುವ ಏರ್ ಬ್ಯಾಗ್ (ಸ್ಪ್ರಿಂಗ್ ಬದಲು ಕಾರನ್ನು ಹೊರುವ ಗಾಳಿ ಚೀಲ), ವಾಲ್ವ್, ಟ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಎನ್‌ಪಿಟಿ ಎಂಬ ಅಮೆರಿಕನ್ ಅಳತೆಯ ಥ್ರೆಡ್ ಇರುತ್ತದೆ. ನಮ್ಮ ಕಂಪ್ರೆಸರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಥ್ರೆಡ್. 1/4 ಇಂಚಿನಲ್ಲಿ ಎನ್‌ಪಿಟಿಗೆ ಇಂಚಿಗೆ 18 ಹಲ್ಲು, ಬಿಎಸ್‌ಪಿಗೆ 19, ಹಾಗಾಗಿ ಒಂದೆರಡು ಸುತ್ತಿಗೇ ಬಿಗಿ ಆಗಿ ಗೊತ್ತಾಗುತ್ತದೆ. ಆದರೆ 1/2 ಇಂಚಿನಲ್ಲಿ ಎರಡಕ್ಕೂ 14 ಹಲ್ಲು. ಚೆನ್ನಾಗಿಯೇ ಕೂತ ಹಾಗೆ ಕಾಣುತ್ತದೆ, ಆದರೆ ಹಲ್ಲಿನ ಕೋನ ಬೇರೆ, ಎನ್‌ಪಿಟಿಗೆ 60 ಡಿಗ್ರಿ, ಬಿಎಸ್‌ಪಿಗೆ 55, ಎಷ್ಟು ಟೇಪ್ ಸುತ್ತಿದರೂ ಗಾಳಿ ಸೋರುತ್ತಲೇ ಇರುತ್ತದೆ.

ಎರಡನೆಯದು ಫ್ಲೇರ್, ಅಂದರೆ ಟ್ಯೂಬಿನ ತುದಿಯನ್ನು ಕಹಳೆಯ ಬಾಯಿಯ ಹಾಗೆ ಅರಳಿಸುವುದು. ಎಸಿ ಮೆಕ್ಯಾನಿಕ್ ಹತ್ತಿರ ಇರುವ ಫ್ಲೇರಿಂಗ್ ಟೂಲ್ 45 ಡಿಗ್ರಿಯದ್ದು. ಹೈಡ್ರಾಲಿಕ್‌ನವರ ಜೆಐಸಿ ಫಿಟ್ಟಿಂಗ್, ರೇಸಿಂಗ್‌ನವರ ಎಎನ್ ಫಿಟ್ಟಿಂಗ್, ಎರಡೂ 37 ಡಿಗ್ರಿ. ಬೆರೆಸಿದರೆ ಫ್ಲೇರ್ ಫಿಟ್ಟಿಂಗ್ ಮೇಲೆ ಸರಿಯಾಗಿ ಕೂರುವುದಿಲ್ಲ. ಶುರುವಿನಿಂದ ಕೊನೆಯವರೆಗೆ ಒಂದೇ ಜಾತಿ ಇರಲಿ. ಪುಶ್ ಫಿಟ್ಟಿಂಗ್ ಇದ್ದದ್ದೇ ಇರಲಿ ಅಂತ ಯೋಚಿಸಬೇಡಿ, ಅದು ನೈಲಾನ್ ಕಚ್ಚಿ ಹಿಡಿಯಲು ಮಾಡಿದ್ದು, ಸ್ಟೇನ್‌ಲೆಸ್ ಮೇಲೆ ಅದರ ಹಲ್ಲು ಇಳಿಯುವುದಿಲ್ಲ, 150 ಪಿಎಸ್ಐ ಬಂದರೆ ಜಾರಬಹುದು.

ಇನ್ನು ಟ್ಯೂಬ್. ಅಲ್ಯೂಮಿನಿಯಂ ಬಗ್ಗಿಸಲು ಸುಲಭ, ಹಗುರ, ಫೋಟೋದಲ್ಲಿ ಚೆಂದ. ಆದರೆ ನಮ್ಮದು ಕಡಲ ಬದಿ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಅದರ ಜೊತೆ ಹಿತ್ತಾಳೆ ಅಥವಾ ಸ್ಟೀಲ್ ನಟ್ ತಾಗಿಕೊಂಡಿದ್ದರೆ ಅಲ್ಯೂಮಿನಿಯಮ್ಮೇ ಮೊದಲು ತಿಂದುಹೋಗುತ್ತದೆ, ನಟ್‌ನ ಬುಡದಲ್ಲಿ ಬಿಳಿ ಪುಡಿ ಏಳುತ್ತದೆ. ಸ್ಟೇನ್‌ಲೆಸ್ ಬೇಕೇ ಬೇಕು ಅಂದರೆ 316 ಗ್ರೇಡ್ ಕೇಳಿ, 304 ಉಪ್ಪಿಗೆ ಚುಕ್ಕೆ ಚುಕ್ಕೆ ಹಿಡಿಯುತ್ತದೆ. ಅದರಲ್ಲೂ ಮೆತ್ತಗೆ ಹದ ಮಾಡಿದ ಟ್ಯೂಬ್ ಬೇಕು, ಇಲ್ಲದಿದ್ದರೆ ಫ್ಲೇರ್ ಮಾಡುವಾಗ ತುದಿ ಸೀಳುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು 3/8 ಇಂಚಿನ ಎಸಿ ತಾಮ್ರ, 45 ಡಿಗ್ರಿ ಹಿತ್ತಾಳೆ ಫಿಟ್ಟಿಂಗ್. ಎಸಿ ಗ್ಯಾಸ್‌ನ ಒತ್ತಡ ತಡೆಯುವ ಟ್ಯೂಬಿಗೆ ನಿಮ್ಮ 150 ಪಿಎಸ್ಐ ಏನೂ ಅಲ್ಲ. ತಾಮ್ರ ಹಳೆಯ ಶೈಲಿ ಅಂತ ಹುಡುಗರು ನಗುತ್ತಾರೆ, ನಗಲಿ, ಡಿಕ್ಕಿಯ ಸಾಗುವಾನಿ ಬೋರ್ಡಿನ ಮೇಲೆ ಅದರಷ್ಟು ಚೆಂದ ಯಾವುದೂ ಕಾಣುವುದಿಲ್ಲ. 37 ಡಿಗ್ರಿಯದ್ದೇ ಬೇಕಾದರೆ ಬೈಕಂಪಾಡಿ ಕಡೆ ಹೈಡ್ರಾಲಿಕ್ ಹೋಸ್ ಮಾಡುವವರಲ್ಲಿ ವಿಚಾರಿಸಿ. ವರ್ನಿಯರ್ ಕೈಯಲ್ಲೇ ಇರಲಿ. 3/8 ಅಂದರೆ ಹೊರ ಅಳತೆ 9.5 ಮಿಮೀ, ಅಂಗಡಿಯವರು ಎರಡೂ ಒಂದೇ ಅಂತ 10 ಮಿಮೀ ಕೊಟ್ಟರೆ ಬೇಡ ಅನ್ನಿ.

ಹಾರ್ಡ್‌ಲೈನ್ ಡಿಕ್ಕಿಯೊಳಗೆ ಮಾತ್ರ. ಬ್ಯಾಗ್ ಮೇಲೆ ಕೆಳಗೆ ಆಡುತ್ತದೆ, ಅಲ್ಲಿಗೆ ಬಳುಕುವ ಹೋಸೇ ಬೇಕು. ತಾಮ್ರವನ್ನು ಕ್ಲಾಂಪ್ ಹಾಕಿ ಹಿಡಿಸಿ, ಅದುರುತ್ತಾ ಇದ್ದರೆ ಗಡಸಾಗಿ ಬಿರುಕು ಬಿಡುತ್ತದೆ. ಫ್ಲೇರ್ ಮಾಡುವ ಮೊದಲು ನಟ್ ಪೋಣಿಸಿ. ಕತ್ತರಿಸಿದ ಚೂರು ಒಳಗೆ ಉಳಿದರೆ ವಾಲ್ವ್ ಸಿಕ್ಕಿಬೀಳುತ್ತದೆ, ಊದಿ ತೆಗೆಯಿರಿ. ಟೇಪ್ ಎನ್‌ಪಿಟಿ ಕಡೆಗೆ ಮಾತ್ರ, ಫ್ಲೇರ್ ನಟ್‌ಗೆ ಬೇಡ. ಹಾಂ, ಸಸ್ಪೆನ್ಷನ್ ಬದಲಾವಣೆ ಬಗ್ಗೆ ಆರ್‌ಟಿಒದಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು, ಅದು ಬೇರೆ ತಲೆನೋವು.

ಎಲ್ಲ ಆದಮೇಲೆ 150 ಪಿಎಸ್ಐ ತುಂಬಿಸಿ, ಸೋಪು ನೀರು ಹಚ್ಚಿ ನೋಡಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೂರು ನಾಲ್ಕು ಪಿಎಸ್ಐ ಕಡಿಮೆ ತೋರಿಸಿದರೆ ಅದು ರಾತ್ರಿಯ ತಂಪಿಗೆ ಇಳಿದದ್ದು. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಟ್ಯಾಂಕಿನ ಎನ್‌ಪಿಟಿ ಜಾಯಿಂಟ್‌ಗಳಿಂದ ಹುಡುಕಲು ಶುರು ಮಾಡಿ.