ಯಾರ್ಕ್‌ಷೈರ್ ಹಳ್ಳಿಗರ ಮಾತು ತಪ್ಪು ಇಂಗ್ಲಿಷಾ?

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಕಣಿವೆಗಳು, ಅಂದರೆ ಡೇಲ್ಸ್ ಕಡೆ ಕೆಲಸಕ್ಕೆ ಹೋಗಿದ್ದೀರಿ, ಅಲ್ಲಿನ ವಯಸ್ಸಾದವರ ಮಾತು ಒಂದೂ ತಲೆಗೆ ಹೋಗುತ್ತಿಲ್ಲ, ಇದು ವ್ಯಾಕರಣ ಕೆಟ್ಟ ಇಂಗ್ಲಿಷಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನೂ ಆ ಕಡೆ ಇದ್ದವನೇ. ಅದು ಹಳೇ ಪದಗಳನ್ನು ಉಳಿಸಿಕೊಂಡ ಆಡುಮಾತು, ಅಷ್ಟೇ.

ಮೊದಲು ಬೇಕಾಗುವುದು 'ನೌಟ್', 'ಔಟ್'. ನೌಟ್ ಅಂದರೆ ಏನೂ ಇಲ್ಲ, ಔಟ್ ಅಂದರೆ ಏನಾದರೂ (ಕ್ರಿಕೆಟ್ಟಿನ ಔಟ್ ಅಲ್ಲ ಮಾರಾಯ್ರೇ). 'ನೈನ್ ವೈಲ್ ಫೈವ್' ಅಂದರೆ ಒಂಬತ್ತರಿಂದ ಐದರ ತನಕ. ಕೆಲಸದ ಜಾಗದಲ್ಲಿ ಇದು ಗೊತ್ತಿರಲಿ.

866ರಲ್ಲಿ ಡೇನರು, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರು, ಯಾರ್ಕ್ ಪಟ್ಟಣ ಹಿಡಿದು ಆಮೇಲೆ ಅಲ್ಲೇ ನೆಲೆ ನಿಂತರಲ್ಲ, ತೊರೆಗೆ 'ಬೆಕ್', ಆಡುವುದಕ್ಕೆ 'ಲೇಕ್' ಅನ್ನುವುದೆಲ್ಲ ಅವರ ಕಡೆಯಿಂದ ಬಂದದ್ದು. ವಿಟ್ಬಿ, ಸೆಲ್ಬಿ ಅಂತ ಊರುಗಳಿವೆಯಲ್ಲ, ಆ 'ಬಿ' ಕೂಡ ಅವರದೇ, ಊರು ಅಂತ ಅರ್ಥ.

ನನಗೆ ಜಾಸ್ತಿ ಇಷ್ಟವಾದದ್ದು 'ದಾ', 'ದೀ', ಅಂದರೆ ನಮ್ಮ 'ನೀನು', 'ನಿನ್ನನ್ನು'. ಪುಸ್ತಕದ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ', ಇಲ್ಲಿ ಮಾತ್ರ ನಮ್ಮ ನೀನು-ನೀವು ವ್ಯತ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. 'ಡೋಂಟ್ ದೀ ದಾ ದೆಮ್ ಆಸ್ ದಾಸ್ ದೀ' ಅಂತ ಅವರದೊಂದು ಮಾತಿದೆ. ದೊಡ್ಡವರು ನಿನ್ನನ್ನು ಏಕವಚನದಲ್ಲಿ ಕರೆಯಬಹುದು, ಹಾಗಂತ ನೀನು ತಿರುಗಿ ಅವರ ಜೊತೆ ಏಕವಚನದಲ್ಲಿ ಮಾತಾಡಬೇಡ ಅಂತ. ನಮ್ಮನೆ ಅಜ್ಜಿ ಬೈದ ಹಾಗೇ ಇದೆ, ಅಲ್ವಾ? ಹಾಗಾಗಿ ನೀವು ಸುಮ್ನೆ 'ಯೂ' ಅಂತಲೇ ಅನ್ನಿ.

ಕುರಿ ಎಣಿಸುವ ಲೆಕ್ಕವಂತೂ ಬೇರೆಯೇ. ಯಾನ್, ಟ್ಯಾನ್, ಟೆದರಾ ಅಂತ ಶುರು, ಐದಕ್ಕೆ ಪಿಪ್, ಹದಿನೈದಕ್ಕೆ ಬಂಫಿಟ್, ಹದಿನಾರಕ್ಕೆ ಯಾನ್-ಎ-ಬಂಫಿಟ್, ಅಂದರೆ ಹದಿನೈದರ ಮೇಲೊಂದು. ಕಣಿವೆಯಿಂದ ಕಣಿವೆಗೆ ಸ್ವಲ್ಪ ಬದಲಾಗುತ್ತದೆ. ಇಪ್ಪತ್ತು, ಅಂದರೆ ಜಿಗಿಟ್, ಆದ ಕೂಡಲೇ ಒಂದು ಕಲ್ಲು ಜೇಬಿಗೆ ಹಾಕಿಕೊಂಡು ಮತ್ತೆ ಯಾನ್‌ನಿಂದ ಶುರು. ಇದು ಇಂಗ್ಲಿಷೂ ಅಲ್ಲ, ಡೇನರದೂ ಅಲ್ಲ, ವೇಲ್ಸ್ ನಾಡಿನ ವೆಲ್ಷ್ ಭಾಷೆಗೆ ನೆಂಟ. ವೆಲ್ಷಿನಲ್ಲೂ ಹದಿನಾರನ್ನು ಹೀಗೇ 'ಹದಿನೈದರ ಮೇಲೊಂದು' ಅಂತಾರೆ. ಈಗ ಹೀಗೆ ಎಣಿಸುವವರು ಸಿಗುವುದು ಕಷ್ಟ, ಮಕ್ಕಳ ಪದ್ಯದ ಹಾಗೆ ಉಳಿದಿದೆ.

ಇನ್ನೂ ಬೇಕು ಅಂದರೆ ಜೋಸೆಫ್ ರೈಟ್ ಮಾಡಿದ ಉಪಭಾಷಾ ನಿಘಂಟು ನೋಡಿ, 1898ರಿಂದ 1905ರ ತನಕ ಆರು ಸಂಪುಟ ಬಂದಿತ್ತು. ಬ್ರಾಡ್‌ಫರ್ಡ್ ಪಕ್ಕದ ಹಳ್ಳಿಯ ಹುಡುಗ, ಚಿಕ್ಕಂದಿನಲ್ಲೇ ಕಲ್ಲುಕ್ವಾರಿಯಲ್ಲಿ, ಆಮೇಲೆ ಮಿಲ್ಲಿನಲ್ಲಿ ದುಡಿದವನು, ಹದಿನೈದರ ಹೊತ್ತಿಗೂ ಓದು-ಬರಹ ಬರುತ್ತಿರಲಿಲ್ಲ. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು!

ಹಾಂ, ದಾರಿಯಲ್ಲಿ ಯಾರಾದರೂ 'ನೌ ದೆನ್' ಅಂದರೆ ಗಾಬರಿಯಾಗಬೇಡಿ, ಜಗಳಕ್ಕಲ್ಲ, ನಮಸ್ಕಾರ ಅಂತ. ನೀವೂ 'ನೌ ದೆನ್' ಅಂದು ಮುಂದೆ ಹೋಗಿ.