ಮಂಡಿ ನೋವಿಗೆ ಒಂದು ಬೆಳಕು, ನಿದ್ದೆಗೆ ಇನ್ನೊಂದು

ಸೇನೆಯಲ್ಲಿರುವ ನಿಮ್ಮ ತಮ್ಮನಿಗೆ ಭಾರ ಹೊತ್ತು ನಡೆದು ಮಂಡಿ ನೋವು, ರಾತ್ರಿ ಪಾಳಿಯಿಂದ ನಿದ್ದೆಯೂ ಕೆಟ್ಟಿದೆ, ಒಂದೇ ಕೆಂಪು ದೀಪ ಎರಡಕ್ಕೂ ಸಾಕಾ ಅಂತ ಕೇಳಿದ್ದೀರಿ. ಸಾಲದು. ಇವೆರಡಕ್ಕೂ ಬೇಕಾದ್ದು ಬೇರೆ ಬೇರೆ ಬೆಳಕಿನ ಚಿಕಿತ್ಸೆ.

ನೋವಿಗೆ ಬಳಸುವುದು ಸುಮಾರು 630–670 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದ) ಕೆಂಪು ಬೆಳಕು, ಅಥವಾ 810–850ರ ಇನ್‌ಫ್ರಾರೆಡ್. ಇನ್‌ಫ್ರಾರೆಡ್ ಕಣ್ಣಿಗೆ ಕಾಣಲ್ಲ, ಆದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಜಾಸ್ತಿ ಗುಣ ಅಂತೇನಿಲ್ಲ. ಡೋಸ್ ಮೀರಿದರೆ ಪರಿಣಾಮ ಕುಗ್ಗಲೂಬಹುದು.

ಆದರೆ ದಯವಿಟ್ಟು ಮೊದಲು ಸೇನೆಯ ವೈದ್ಯರಿಗೆ ತೋರಿಸಲಿ. ಭಾರ ಹೊತ್ತು ನಡೆಯುವವರ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದುಂಟು. ಅದು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಸುಮ್ನೆ ನೋವು ಅಡಗಿಸಿಕೊಂಡು ಓಡಿದರೆ ಬಿರುಕು ದೊಡ್ಡದಾಗಬಹುದು. ನನಗೆ ಹೆದರಿಕೆ ಇರುವುದು ಇದರದ್ದೇ.

ನಿದ್ದೆಗೆ ಬೇಕಾದ್ದು ಪ್ರಖರ ಬಿಳಿ ಬೆಳಕು, ಸಾಮಾನ್ಯವಾಗಿ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ), ಅರ್ಧ ಗಂಟೆ. ಇದನ್ನು ಪಾಳಿಯ ಮೊದಲ ಭಾಗದಲ್ಲಿ ತೆಗೆದುಕೊಳ್ಳಲಿ. ಬೆಳಿಗ್ಗೆ ಮಲಗುವ ಮುಂಚೆ ಬೇಡ, ಇರುವ ನಿದ್ದೆಯೂ ಹೋಗುತ್ತದೆ. ಮಲಗುವ ಕೋಣೆ ಕತ್ತಲಾಗಿರಲಿ. ರೆಟಿನಾ (ಕಣ್ಣಿನ ಒಳಪರದೆ) ತೊಂದರೆ ಅಥವಾ ಬೈಪೋಲಾರ್ ಎಂಬ ಮನಸ್ಸಿನ ಏರಿಳಿತದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬಾರದು.