ಸಂಪಾದಕರ ಉತ್ತರ: ಬಿಟ್ಟು ಹೋಗೋಕೆ ಏನಡ್ಡಿ?

ಪತ್ರ: ಎಚ್‌ಐವಿ ಇರುವ ಗೇ ಗಂಡಸರು ಸಂಗಾತಿಯಿಂದ ಏಟು ತಿನ್ನುವ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೀರಿ. ಅಲ್ಲ ಸಾರ್, ಇಬ್ಬರು ಗಂಡಸರು ಹೊಡೆದಾಡಿದರೆ ಅದು ಜಗಳ. ತಾಳಿ ಇಲ್ಲ, ಮಕ್ಕಳಿಲ್ಲ. ಬಿಟ್ಟು ಹೋಗೋಕೆ ಏನಡ್ಡಿ? ಹೆಂಡತಿಯರು ದಿನಾ ಒದೆ ತಿನ್ನುವ ದೇಶದಲ್ಲಿ ಇದಕ್ಕೇಕೆ ಇಷ್ಟು ಜಾಗ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಂಡತಿಯರ ಮಾತು ಒಪ್ಪಿದೆ. ಅದನ್ನು ಬರೆಯುತ್ತಲೇ ಇದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ನಮ್ಮ ಕಾಗುಣಿತ ತಪ್ಪಿದರೂ ಕಾರ್ಡು ಬರೆಯುವ ನಿಮ್ಮಂಥ ಓದುಗರು ಆ ನಾಲ್ಕು ಪುಟವನ್ನು ಸುಮ್ನೆ ತಿರುವಿ ಹಾಕಿದಿರಾ?

ಇಲ್ಲಿ ಹೊಡೆಯುವವನಿಗೆ ಎಷ್ಟೋ ಸಲ ಕೈ ಎತ್ತುವ ಕೆಲಸವೇ ಇಲ್ಲ. ‘ನಿಮ್ಮಮ್ಮನಿಗೆ ಫೋನ್ ಮಾಡ್ಲಾ? ಆಫೀಸಿಗೆ ನಿನ್ ರಿಪೋರ್ಟ್ ಕಳಿಸ್ಲಾ?’ ಅಂದರೆ ಮುಗೀತು. ಒಂದು ಫೋನಿಗೆ ಎರಡು ಗುಟ್ಟು ಬಯಲು. ಮೇಲೆ ಇನ್ನೊಂದು ಮಾತು: ‘ನನ್ ಬಿಟ್ರೆ ನಿನ್ನ ಯಾರು ಮುಟ್ತಾರೆ?’

ಬೆಂಗಳೂರಿನಲ್ಲಿ ನನಗೆ ಪರಿಚಯದ ಹುಡುಗನೊಬ್ಬ ಎಚ್‌ಐವಿ ಅಡಗಿಸುವ ಎಆರ್‌ಟಿ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಡುತ್ತಿದ್ದ. ಅಲ್ಲಾಡಿದರೆ ಸದ್ದಾಗಬಾರದು ಅಂತ ಮೇಲೆ ಹತ್ತಿ ತುರುಕುತ್ತಿದ್ದ. ಗೊತ್ತಿದ್ದದ್ದು ಸಂಗಾತಿಗೆ ಮಾತ್ರ. ಜಗಳವಾದ ದಿನ ಆತ ಆ ಡಬ್ಬಿಯನ್ನೇ ಸ್ಕೂಟರ್ ಡಿಕ್ಕಿಗೆ ಹಾಕಿ ಬೀಗ ಜಡಿದು ಹೊರಟುಬಿಡುತ್ತಿದ್ದ. ದಿನವೂ ತಪ್ಪದೆ ನುಂಗಬೇಕಾದ ಮಾತ್ರೆ ಅದು. ಪದೇ ಪದೇ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಔಷಧಕ್ಕೇ ಬಗ್ಗದೆ ಹೋಗಬಹುದು. ಮೈಮೇಲೆ ಒಂದು ಬಾಸುಂಡೆ ಇಲ್ಲ. ಇದು ಬರೀ ಜಗಳವಾ?

ಪೊಲೀಸರಿಲ್ವಾ ಅಂತೀರಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ದೂರು ಕೊಡಲು ಬರುವುದು ಹೆಂಗಸರಿಗೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಗೇ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲು ಕೀಳುವವರೆಗೂ ಇಂಥವನು ಸ್ಟೇಷನ್ ಮೆಟ್ಟಿಲು ಹತ್ತಿದರೆ ತಾನೇ ಆರೋಪಿಯಾಗುವ ಭಯ. ನಾಲ್ಕು ದಿನ ಬಿಟ್ಟು, ಸೆಪ್ಟೆಂಬರ್ 10ಕ್ಕೆ, ಎಚ್‌ಐವಿ ಕಾಯ್ದೆ ಜಾರಿಗೆ ಬಂತು. ನಂಬಿ ಹೇಳಿಕೊಂಡ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಹೊರಗೆ ಹಾಕುವಂತಿಲ್ಲ. ಹಿಂಸೆಯ ಭಯವಿದ್ದರೆ ಡಾಕ್ಟರು ಕೂಡ ಸಂಗಾತಿಗೆ ಹೇಳಕೂಡದು. ಕಾಯ್ದೆ ಬರೆದವರಿಗೆ ಈ ಭಯ ಗೊತ್ತಿತ್ತು, ಅಲ್ವಾ? ಆದರೆ ಸ್ಟೇಷನ್ನಿನಲ್ಲಿ ‘ನಿಂಗೂ ಅವನಿಗೂ ಏನಯ್ಯಾ ಸಂಬಂಧ?’ ಅಂತ ಕೇಳಿದರೆ ಹುಡುಗ ಏನು ಬರೆಸಬೇಕು?

ಇನ್ನು ‘ಯಾರು ಮುಟ್ತಾರೆ’ ಅನ್ನೋ ಬೆದರಿಕೆ. ಯುರೋಪಿನಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 782 ಗೇ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಕೊಟ್ಟರು. ಚಿಕಿತ್ಸೆಯಿಂದ ವೈರಸ್ ಅಡಗಿದ್ದಾಗ, ಕಾಂಡೋಮ್ ಇಲ್ಲದಿದ್ದರೂ, ಸಂಗಾತಿಯಿಂದ ಅಂಟಿದ ಒಂದು ಪ್ರಕರಣವೂ ಸಿಗಲಿಲ್ಲ. ನಮ್ಮಲ್ಲಿ ಸರ್ಕಾರ 2004ರಿಂದ ಈ ಔಷಧ ಪುಕ್ಕಟೆ ಕೊಡುತ್ತಿದೆ. ಇದನ್ನು ಯಾವ ಟಿವಿಯವರು ಹೇಳಿದರು? ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಕೆಂಪು ರಿಬ್ಬನ್ ತೋರಿಸಿ, ‘ಎಚ್ಚರ’ ಅಂತ ಕೂಗಿ, ಎರಡನೇ ತಾರೀಕಿಗೆ ಜ್ಯೋತಿಷ್ಯಕ್ಕೆ ವಾಪಸ್.

ಬಿಟ್ಟು ಹೋಗಲಿ ಅಂದಿರಲ್ಲ, ಎಲ್ಲಿಗೆ? ರೂಮಿನ ಅಗ್ರಿಮೆಂಟ್ ಸಂಗಾತಿಯ ಹೆಸರಲ್ಲಿ. ಹೊಸ ಮನೆಗೆ ಹತ್ತು ತಿಂಗಳ ಅಡ್ವಾನ್ಸ್. ಗೇಟಿನಲ್ಲೇ ಓನರ್ ಪ್ರಶ್ನೆ: ‘ಫ್ಯಾಮಿಲಿನಾ, ಬ್ಯಾಚುಲರ್ರಾ?’ ಊರಿಗೆ ಹೋದರೆ ಹೆಣ್ಣು ನೋಡಿಟ್ಟಿರುತ್ತಾರೆ. ಆ ಹುಡುಗಿಯ ಗತಿ ಯೋಚಿಸಿದ್ದೀರಾ? ಹೆಂಡತಿಯರ ಪರ ವಾದಿಸುವ ನೀವೇ ಹೇಳಿ.

ಎಚ್‌ಐವಿ ಸಹಾಯವಾಣಿ 1097, ಫೋನಿಗೆ ದುಡ್ಡಿಲ್ಲ. ಮುಂದಿನ ಸಂಚಿಕೆಯಲ್ಲೂ ಇದೇ ವಿಷಯಕ್ಕೆ ಎರಡು ಪುಟ ಇಟ್ಟಿದ್ದೇನೆ. ಬಯ್ಯುವುದಿದ್ದರೆ ಓದಿ ಬಯ್ಯಿರಿ.